ಗೋಡೆ ಹತ್ತುವ ಬೆರಳು

ತೋನೆ ಎಂದರೆ ನಮ್ಮಲ್ಲಿ ಎದೆಮಟ್ಟದ ಬಾವಿ,
ನೀರಿನ ಬದಲು ಬೆಂಕಿ.
ಬೆಳಗಿನ ನಾಲ್ಕಕ್ಕೆ ಅದರ ಅಂಚಿಗೆ ಹೊಟ್ಟೆ ಆನಿಸಿ
ಸೊಂಟದ ತನಕ ಒಳಗೆ ಬಾಗಿ
ಕಾದ ಗೋಡೆಗೆ ಹಿಟ್ಟು ಬಡಿಯಬೇಕು, ಫಟ್ಟನೆ,
ರೆಪ್ಪೆ ಸುಡುವ ಮೊದಲೇ ಎದ್ದುಬಿಡಬೇಕು.
ಮೂವತ್ತೊಂದು ವರ್ಷ. ದಿನಕ್ಕೆ ಮುನ್ನೂರು ರೊಟ್ಟಿ.
ಲೆಕ್ಕ ನಾನು ಇಡಲಿಲ್ಲ, ಹೆಗಲು ಇಟ್ಟಿತು.

ಮೊದಲು ಅಂಗಿಯ ತೋಳು ತಕರಾರು ತೆಗೆಯಿತು.
ಆಮೇಲೆ ಬಾಚಣಿಗೆ. ಆಮೇಲೆ ಬಲಮಗ್ಗುಲ ನಿದ್ದೆ.
ಸೋದರಳಿಯನ ಮದುವೆಯಲ್ಲಿ ಎಲ್ಲರೂ ವೈನಿನ ಕೊಂಬು ಎತ್ತಿದಾಗ
ನನ್ನದು ಎದೆಯ ಗುಂಡಿಯ ಹತ್ತಿರವೇ ನಿಂತಿತು.
'ನೂಕ್ರಿಗೆ ಹೊಟ್ಟೆಕಿಚ್ಚು' ಎಂದು ನಕ್ಕರು.
ನಾನೂ ನಕ್ಕೆ. ನಗಲು ಹೆಗಲು ಬೇಕಿಲ್ಲ.
ಪಕ್ಕದ ಬೀದಿಯ ಸೆವೆರಿಯಾನ್ ತೀರಿಕೊಂಡ ದಿನ
ಎಡಹೆಗಲು ಕೊಡುವ ಬದಿಗೆ ಮೆಲ್ಲಗೆ ಸರಿದೆ;
ಅಲ್ಲಾಗಲೇ ಮೂವರು ನೂಕಾಡುತ್ತಿದ್ದರು,
ಎಲ್ಲ ನನ್ನ ವಯಸ್ಸಿನವರೇ.

ಹೆಂಡತಿ ಜುಜುನಾ ದ್ರಾಕ್ಷಿಸಾರಾಯಿ ತಿಕ್ಕಿದಳು,
ಉಳಿದದ್ದನ್ನು ನಾನು ಕುಡಿದೆ. ಕೆಲಸ ಮಾಡಿದ್ದು ಅದೊಂದೇ.
ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು
ಮೂಳೆ ಸರಿಯಾಗಿದೆ, ಕೀಲು ಹೆಪ್ಪುಗಟ್ಟಿದೆ ಎಂದರು.
ಬೆಂಕಿಯ ಬಾಯಲ್ಲಿ ಕೈಯಿಟ್ಟು ಬದುಕಿದವನಿಗೆ
ಹೆಪ್ಪು!
ಸೂಜಿಯೊಂದಿದೆ, ಕೆಲವು ವಾರದ ಸುಖ;
ಕತ್ತರಿಯೂ ಇದೆ, ಅದು ಕೊನೆಗೆ;
ನಡುವೆ ಲಮಾರಾ ಇದ್ದಾಳೆ, ಹಿಂದಿನ ಕಟ್ಟಡ, ನೆಲಮಾಳಿಗೆ.

ಆ ಕೋಣೆಗೆ ರಿಯೋನಿ ಹೊಳೆ ಕೇಳಿಸುತ್ತದೆ, ಕಾಣಿಸುವುದಿಲ್ಲ.
ಬಿಸಿನೀರ ಚೀಲ, ಕಿರುಗುಟ್ಟುವ ಮಂಚ,
ಬಾಗಿಲ ಹಿಡಿಗೆ ಕಟ್ಟಿದ ಹಳದಿ ರಬ್ಬರು ಪಟ್ಟಿ,
ಮೂಲೆಯಲ್ಲಿ ಝುಂಯ್ ಎನ್ನುವ ಒಂದು ಮೆಷಿನ್ನು.
'ಅದು ನಿನ್ನ ಸಮಾಧಾನಕ್ಕೆ' ಎಂದಳು.

ಎಡಗೈಯಲ್ಲಿ ಮೇಜು ಹಿಡಿದು ಬಾಗು,
ಬಲತೋಳನ್ನು ಇಳಿಬಿಡು, ಬಾವಿಗೆ ಬಿಟ್ಟ ಕೊಡದ ಹಾಗೆ.
ತೂಗಬೇಡ. ತೂಗಲು ಬಿಡು.
ಬಾಗಿದೆ. ಕೆಳಗಿದ್ದದ್ದು ಸಿಮೆಂಟಿನ ನೆಲ,
ನನಗೆ ಕಂಡದ್ದು ಬೆಂಕಿ;
ಕೈ ತನಗೆ ತಾನೇ ಹಿಟ್ಟು ಹುಡುಕಿತು.
'ಇಲ್ಲಿ ಏನೂ ಬೇಯಿಸುವುದಿಲ್ಲ ನೂಕ್ರಿ,
ಸುಮ್ಮನೆ ನೇತಾಡು.'
ಸುಮ್ಮನೆ ನೇತಾಡುವುದು
ಇಷ್ಟು ಕಷ್ಟದ ಕಸುಬೆಂದು ಯಾರು ಹೇಳಿದ್ದರು ನನಗೆ?

ಆಮೇಲೆ ಗೋಡೆ.
ಎರಡು ಬೆರಳು ಜೇಡನಂತೆ ಹತ್ತಬೇಕು,
ನೋವು ಹಲ್ಲು ತೋರಿಸುವ ತನಕ. ಕಚ್ಚುವ ತನಕ ಅಲ್ಲ.
ನಿಂತಲ್ಲಿ ಪೆನ್ಸಿಲಿನ ಗೆರೆ, ತಾರೀಖು.
ಗೋಡೆಯ ತುಂಬ ಬೇರೆಯವರ ಗೆರೆಗಳು:
ಬಸ್ಸಿನ ಡ್ರೈವರು, ಪಿಯಾನೋ ಟೀಚರು,
ಕುಸ್ತಿಯ ಹುಡುಗ, ಇನ್ನೊಬ್ಬ ಯಾರೋ ಎತ್ತರದವನು
ಸ್ವಿಚ್ಚಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿದ್ದ.
ವಾಸಿಯಾದನೋ ಬೇಸತ್ತನೋ
ಗೋಡೆ ಹೇಳುವುದಿಲ್ಲ.

ಮನೆಯಲ್ಲಿ ಟವೆಲಿನ ಪಾಠ: ಬೆನ್ನ ಹಿಂದೆ ಅದರ ಎರಡು ತುದಿ,
ಒಳ್ಳೆಯ ಕೈ ಎಳೆಯುತ್ತದೆ, ಕೆಟ್ಟದ್ದು ಶಪಿಸುತ್ತದೆ.
ಮೊಮ್ಮಗಳಿಗೆ ಇದು ಆಟ.

ಆರನೇ ವಾರ ಕೇಳಿಯೇಬಿಟ್ಟೆ, ಸೂಜಿ ಚುಚ್ಚಿಸಿಕೊಳ್ಳಲೇ?
'ಚುಚ್ಚಿಸಿಕೋ, ಪಾಪವೇನಲ್ಲ.
ಗೋಡೆ ಮಾತ್ರ ಆಮೇಲೂ ಹತ್ತಲೇಬೇಕು'
ಎನ್ನುತ್ತ ಹೆಗಲಿನ ಗಂಟಿಗೆ ಹೆಬ್ಬೆರಳು ಒತ್ತಿದಳು.
ಕಣ್ಣು ಬಿಗಿಯಾಗಿ ಮುಚ್ಚಿದ್ದು ಅವಳು, ನಾನಲ್ಲ.
ಆಗ ನೋಡಿದೆ, ಹೆಬ್ಬೆರಳ ಬುಡಕ್ಕೆ ಸುತ್ತಿದ ಪಟ್ಟಿ.
ಇಪ್ಪತ್ತು ವರ್ಷ ಊರಿನ ಹೆಗಲುಗಳನ್ನು ನಾದಿದ ಕೈ.
ನಾದುವವರ ನೋವು ನನಗೆ ಗೊತ್ತು.
ಏನೂ ಅನ್ನಲಿಲ್ಲ.

ಮಾರನೆಯ ದಿನ ಒಂದು ಮುದ್ದೆ ಹಿಟ್ಟು ಒಯ್ದೆ,
ಬಟ್ಟೆಯಲ್ಲಿ ಸುತ್ತಿ, ಇನ್ನೂ ಬೆಚ್ಚಗಿದ್ದದ್ದು.
ಮೆಲ್ಲಗೆ ಹಿಸುಕು, ದಿನಕ್ಕೆ ಎರಡು ಸಲ,
ಹಲ್ಲು ತೋರಿಸುವ ತನಕ, ಎಂದೆ.
ನಕ್ಕಳೋ ಇಲ್ಲವೋ, ಬೆನ್ನು ತಿರುಗಿಸಿದ್ದಳು.
ಅವಳು ಹಿಸುಕುತ್ತ ಕೂತಳು, ನಾನು ಹತ್ತತೊಡಗಿದೆ.

ಇವತ್ತಿನ ಗೆರೆ ಮೊನ್ನೆಯದಕ್ಕಿಂತ
ಅರ್ಧ ಬೆರಳು ಕೆಳಗೆ.
ಅದನ್ನೂ ಎಳೆದಳು, ತಾರೀಖು ಹಾಕಿ.