ಳಕಾರ

ಫೋರ್ಟಿನ ರಾತ್ರಿಶಾಲೆಯಲ್ಲಿ
ಮುಳಗುಂದ ಮಾಸ್ತರು ನಮ್ಮ ನಾಲಿಗೆ ಮಡಚಿದವರು.
ಹೋಟೆಲು ಹುಡುಗರು ನಾವು, ಬೆರಳಲ್ಲಿನ್ನೂ ಸೋಪಿನ ಜಿಗುಟು,
ಹತ್ತು ಗಂಟೆಯ ತೂಕಡಿಕೆ.
“ತುದಿ ಮ್ಯಾಲೆತ್ತೋ. ಅಂಗುಳಕ್ಕ ಹಚ್ಚು. ಳ.
ಹೇಳು ಅನ್ನೂದಕ್ಕ ಹೇಲು ಅಂದ್ರ
ಊರೆಲ್ಲಾ ಮೂಗು ಮುಚ್ಚಿಕೊಂಡೀತು, ಜೋಕಿ!”
ಬೆಂಚಿಗೆ ಬೆಂಚೇ ನಕ್ಕಿತು. ನಿದ್ದೆ ಹಾರಿತು.

ಶಾಲೆ ಮುಚ್ಚಿತು.
ನಾನು ಪಕ್ಕದ ಗಲ್ಲಿಯ ಪರ್ಮಿಟ್ ರೂಮಿನಲ್ಲಿ
ಗ್ಲಾಸು ತುಂಬಿಸುವವನಾದೆ,
ಅವರು ಮೂಲೆಯ ಫ್ಯಾನಿನ ಕೆಳಗೆ
ಖಾಲಿ ಮಾಡುವವರು.

ಬಾಟಲಿಯ ಗೆರೆ ನೋಡಿದವನಲ್ಲ ನಾನು, ಕಿವಿಯಲ್ಲೇ ಲೆಕ್ಕ.
ಮೊದಲ ಪೆಗ್ಗಿಗೆ ದನಿ ಒಂದು ಮೆಟ್ಟಿಲು ಮೇಲೆ,
ಆಚೆ ಟೇಬಲ್ಲಿನ ಬಟ್ಟೆ ದಲ್ಲಾಳಿಗೂ ವ್ಯಾಕರಣ ಪಾಠ.
ಎರಡಕ್ಕೆ ಮಹಾಪ್ರಾಣಗಳು ಎದೆಯುಬ್ಬಿಸಿ ಬಂದು
ಕರೆಯದ ಮನೆಗೂ ನುಗ್ಗುವವು:
ಭಾರೋ ತಮ್ಮಾ, ಖೂಡು.
ಮೂರಕ್ಕೆ ಶ, ಷ, ಸ ಒಂದೇ ಚಾಪೆಯಲ್ಲಿ ಮಲಗಿ
ಶೋಡಾ. ಶಂಶಾರ. ಶಾಕು.
ನಾಲ್ಕಕ್ಕೆ, ಮಡಚುವುದನ್ನೇ ಮರೆತ ನಾಲಿಗೆ
ಅಂಗಾತ ಬಿದ್ದು
“ಎಲ್ಲಾ ಹಾಲಾತೋ” ಅನ್ನುವುದು.
ಹಾಳು ಹಾಲಾದ ಗಳಿಗೆಗೆ ನಾನು ಬಾಟಲಿ ಒಳಗಿಟ್ಟು
ಬಿಲ್ಲು ತರುತ್ತಿದ್ದೆ. ಇಪ್ಪತ್ತೊಂದು ವರ್ಷ
ಈ ಕಿವಿ ತಪ್ಪಿದ್ದಿಲ್ಲ.

ಆ ಸೋಮವಾರ ಇನ್ನೂ ಏಳು ಗಂಟೆ.
ಬಾಗಿಲ ಚೌಕಟ್ಟು ಹಿಡಿದು ನಿಂತು
“ಒಂದು ಶೋಡಾ... ತಲೀ... ಹೇಲಾಕ...”
ನಾನು ನಕ್ಕೆ.
“ಎಲ್ಲಿ ಮುಗಿಸಿಕೊಂಡು ಬಂದ್ರಿ ಸಾರ್, ನಮ್ಮನ್ನು ಬಿಟ್ಟು?”
ಗಲ್ಲಾದಲ್ಲಿದ್ದ ಜಯಕರ ಶೆಟ್ರೂ ನಕ್ಕರು.
ನಿಂಬೆ ಹೋಳು ಮಾಡಿದೆ. ಉಪ್ಪು ಹಾಕಿದೆ. ಅವಸರ ಮಾಡಲಿಲ್ಲ.
(ಇಬ್ಬರು ಟ್ಯಾಕ್ಸಿಯವರು ಹತ್ತಿಸಿಕೊಳ್ಳದೆ ಹೋಗಿದ್ದರಂತೆ,
ಕುಡುಕ ಅಂತ. ಆಮೇಲೆ ತಿಳಿಯಿತು.)
ಲೋಟ ಬಲಗೈಯಿಂದ ಜಾರಿತು.
ಚೂರು ಆಯಲು ಬಗ್ಗಿದವನ ಮುಖಕ್ಕೆ ಅವರ ಉಸಿರು ತಾಗಿತು.
ಏಲಕ್ಕಿ.
ಬರೀ ಏಲಕ್ಕಿ.

ಜಿ.ಟಿ. ಆಸ್ಪತ್ರೆಯ ಮೂರನೇ ಮಹಡಿಗೆ
ಶರ್ವರಿ ಅಂತ ಮರಾಠಿ ಹುಡುಗಿ
ಮಾತು ಕಲಿಸಲು ಬರುತ್ತಾಳೆ.
ಅವಳ ಭಾಷೆಯಲ್ಲೂ ಇದೆ ಆ ಅಕ್ಷರ, ಪುಣ್ಯ.
“ಬಾಳ್ ಮ್ಹಣಾ ಕಾಕಾ, ಬಾಳ್.”
ಅವಳಲ್ಲಿ ಹಾಗೆಂದರೆ ಕೂಸು, ನಮ್ಮಲ್ಲಿ ಬದುಕು,
ಮಾಸ್ತರ ಬಾಯಲ್ಲಿ ಎರಡೂ ಅಲ್ಲ: ಬಾಲ್.
ಡ್ಯೂಟಿಗೆ ಮುಂಚೆ ಸ್ಟೂಲು ಎಳೆದುಕೊಂಡು
ನಾನೂ ಬಾಯಿ ತೆರೆದು ತೋರಿಸುತ್ತೇನೆ,
ತುದಿ ಮ್ಯಾಲೆತ್ರಿ ಸಾರ್. ಅಂಗುಳಕ್ಕ ಹಚ್ರಿ.
ನೋಡುತ್ತಾರೆ,
ಹೊಸದಾಗಿ ಸೇರಿದ ಹುಡುಗ ಹಲಗೆ ನೋಡುವ ಹಾಗೆ.

ನಿನ್ನೆ ಹೊರಟಾಗ ಅಂಗಿಯ ತೋಳು ಹಿಡಿದರು.
“ಏನರೆ ಹೇಲು.”
ಆಚೆ ಮಂಚದವ ಸೊಲ್ಲಾಪುರದ ಕಡೆಯವ,
ಕಿಸಕ್ಕನೆ ನಕ್ಕ.
ಮಾಸ್ತರೂ ನಕ್ಕರು,
ಎಡಗಡೆ ಮಾತ್ರ.