ಛತ್ರಿಯ ಕಡ್ಡಿ

ನೌಬಾದಿನ ನಮ್ಮ ಹಿತ್ತಲಲ್ಲಿ
ನಾಲ್ಕು ಬದನೆ ಸಸಿ ನೆಡಲು
ಅಪ್ಪನಿಗೆ ಅರ್ಧ ದಿನ ಬೇಕಾಗುತ್ತಿತ್ತು.
ಬೋರಲಾಗಿ ಮಲಗಿ
ಮುರಿದ ಛತ್ರಿಯ ಕಡ್ಡಿಯೊಂದನ್ನು ಓರೆಯಾಗಿ ಹಿಡಿದು
ನಿದ್ದೆಯಲ್ಲಿರುವ ಕೂಸಿನ ಕಿವಿಗೆ ಎಣ್ಣೆ ಬಿಡುವ ಹಾಗೆ
ಮಣ್ಣಿಗೆ ಇಳಿಸುತ್ತಿದ್ದ.
ಎರಡು ಬೆರಳು ಬಿಟ್ಟು ಮತ್ತೆ.
ಎರಡು ಬೆರಳು ಬಿಟ್ಟು ಮತ್ತೆ.
ಏನಾದರೂ ತಾಗಿದರೆ ಉಸಿರು ಕಟ್ಟಿ
ಉಗುರಿನಿಂದ ಮಣ್ಣು ಸರಿಸಿ ನೋಡಿ
ಅದು ಬರೀ ಕಲ್ಲೇ ಆದಾಗ
ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಅಂಗಿ ನೆನೆಸುವ ಮುಂಚೆ ಅವ್ವ ಎಣಿಸುತ್ತಿದ್ದಳು.
“ಇವತ್ತು ಹನ್ನೊಂದು” ಎಂದು ಗೋಡೆಗೆ ಹೇಳಿ
ಬಚ್ಚಲ ಬದಿಗೆ ಸುರಿಯುತ್ತಿದ್ದಳು.
ಕಡೆಗೆ ಅವನ್ನೇ ಹಾಸಿ
ಬಟ್ಟೆ ಒಗೆಯಲು ಜಾಗ ಮಾಡಿಕೊಂಡಳು.

ಹವಾಲ್ದಾರ್ ಝರೆಪ್ಪ ಲಂಕೆಯಲ್ಲಿ ಸುರಂಗ ತೆಗೆಯುತ್ತಿದ್ದ
ಎಂದು ಮನೆಗೆ ಬಂದವರು ಮಾತಾಡಿಕೊಳ್ಳುತ್ತಿದ್ದರು.
ನನಗೆ ಗೊತ್ತಿದ್ದ ಸುರಂಗ ಒಂದೇ,
ನಮ್ಮೂರ ಹೊರಗಿನ ಸುರಂಗಬಾವಿ,
ಬಾದಶಾಹರ ಕಾಲದ ನೀರು ಕತ್ತಲಲ್ಲಿ ನಡೆದು ಬರುವುದು.
ನಮ್ಮಪ್ಪ ಹೂಳೆತ್ತಿ ಲಂಕೆಯವರಿಗೆ ನೀರು ಕೊಟ್ಟ
ಎಂದು ಮೂರನೇ ಇಯತ್ತೆಯಲ್ಲಿ ಎದ್ದು ನಿಂತು ಹೇಳಿದ್ದೆ.
ಗುರುಗಳು ಚಪ್ಪಾಳೆ ಹೊಡೆಸಿದ್ದರು.
ಅಪ್ಪನಿಗೆ ಹೇಳಿದರೆ ಬಹಳ ಹೊತ್ತು ನನ್ನನ್ನೇ ನೋಡಿ,
“ಹಾಂ. ನೀರೇ” ಅಂದ.

ಇನ್ನೊಮ್ಮೆ, ರೊಟ್ಟಿ ಮುರಿಯುತ್ತ,
“ಅಲ್ಲಿ ಮಣ್ಣೂ ಹಿಂಗೇ ಕೆಂಪ್ ಅದ” ಅಂದ.
ಮುಂದಿನ ಮಾತಿಗೆ ಕಾದೆವು.
ಪುಂಡಿಪಲ್ಯ ಕೇಳಿದ.

ತಲೆಯ ಮೇಲೆ ದಿನವೂ
ವಾಯುಸೇನೆಯ ಹುಡುಗರು ಹಾರಲು ಕಲಿಯುತ್ತಿದ್ದರು,
ಗಡಿಗೆ ಗಡಗಡ ಅನ್ನುವಷ್ಟು ಕೆಳಗೆ.
ಬೀದಿಯ ಮಕ್ಕಳೆಲ್ಲ ಕೈ ಬೀಸಿದರೆ
ಅಪ್ಪ ಒಮ್ಮೆಯೂ ಕತ್ತೆತ್ತಿದವನಲ್ಲ.
ಅವನ ಭಯವೆಲ್ಲ ಕೆಳಗಿತ್ತು.

ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು
ಹದಿನಾರು ವರ್ಷ ಸ್ಟೂಲಿನ ಮೇಲೆ ಕೂತ.
ಆ ನೆಲ ಅವನಿಗೆ ಇಷ್ಟ,
ಶಹಾಬಾದಿ ಫರಸಿ, ಸಂದಿಗೆಲ್ಲ ಸಿಮೆಂಟು.

ಹೊಲದ ದಾರಿಯಲ್ಲಿ ಮಾತ್ರ ನಾವು ಸಾಲಾಗಿ ನಡೆಯಬೇಕು:
ಅವನು, ಅವ್ವ, ನಾನು, ತಮ್ಮ.
“ನನ್ನ ಹೆಜ್ಜಿ ಮ್ಯಾಗ ಹೆಜ್ಜಿ ಇಡ್ರಿ.”
ಅವನ ದಾಪುಗಾಲಿಗೆ ತಮ್ಮ ಕಪ್ಪೆಯಂತೆ ಕುಪ್ಪಳಿಸುತ್ತಿದ್ದ,
ಎದುರಿಗೆ ಬಂದ ಮಂದಿ ನಗುತ್ತಿದ್ದರು.
ಯಾಕಪ್ಪಾ ಅಂದರೆ
“ಮುಳ್ಳ ಅವ.”
ಮೂರು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಿದ್ದ.
ಎಣಿಸುತ್ತಿದ್ದ.

ರಾತ್ರಿಯ ಮಾತು ಬೇರೆ ಭಾಷೆಯದು.
“ತಂಬಿ, ಅಸೈಯಾದೆ. ತಂಬಿ.”
ನೀರು ಕುಡಿಯಲು ಎದ್ದವಳು
ಅರ್ಥವಾಗದೆಯೂ ನಿಂತಲ್ಲೇ ನಿಲ್ಲುತ್ತಿದ್ದೆ,
ಹರಿವಿಗೆ ಎರಡೇ ಮಾರು ದೂರ.
ಅಲುಗಾಡಬೇಡ ಅಂತ ಅದರರ್ಥ ಎಂದವಳು
ಇಪ್ಪತ್ತು ವರ್ಷದ ಮೇಲೆ, ಆಸ್ಪತ್ರೆಯಲ್ಲಿ,
ಅವನ ಸಲೈನ್ ಬದಲಿಸುತ್ತಿದ್ದ ತಮಿಳು ನರ್ಸು.

ಧರ್ಮಪುರಿಯ ಒಬ್ಬ ಹೆಂಗಸಿಗೆ
ದೀಪಾವಳಿಗೊಂದು ಮನಿಆರ್ಡರ್ ಹೋಗುತ್ತಿತ್ತು.
ರಶೀದಿ ಸಿಕ್ಕ ವರ್ಷ ಅವ್ವ
ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳು.
ಪಳನಿವೇಲುವಿನ ತಾಯಿ ಆಕೆ.
ಯಾರವನು ಎಂದು ಕೇಳಿದ್ದು ನಾನು, ಕೊನೆಯ ವಾರ,
ಕಾಲಿಗೆ ಎಣ್ಣೆ ತಿಕ್ಕುತ್ತ.
“ನನ್ನ ಹಿಂದಿನಾವ” ಅಂದ. ಆಮೇಲೆ,
ಕಣ್ಣು ಮುಚ್ಚಿಕೊಂಡು,
“ನನ್ನ ಹೆಜ್ಜಿ ಮ್ಯಾಗೇ ಇಟ್ಟಿದ್ದ.”

ಮೊನ್ನೆ ತೊಗರಿ ಕೊಯ್ದ ಹೊಲದಲ್ಲಿ
ನನ್ನ ಮಗ ಗಾಳಿಪಟದ ಹಿಂದೆ ಓಡುತ್ತಿದ್ದ,
ದಾರಿ ಬಿಟ್ಟು, ಕೆಂಪು ಹೆಂಟೆಗಳ ಮೇಲೆ.
“ನಿಲ್ಲು!”
ಕೂಗಿದ್ದು ನಾನೇ ಎಂದು ನನಗೆ ತಿಳಿದದ್ದು ತಡವಾಗಿ.
ಅವನು ಒಂದು ಕಾಲು ಗಾಳಿಯಲ್ಲೇ ಬಿಟ್ಟು
ಹೊರಳಿ ನೋಡಿದ. ದಾರ ಕೈತಪ್ಪಿ
ಪಟ ಯಾರದೋ ಕಬ್ಬಿನ ಕಡೆಗೆ ಹೋಯಿತು.
“ಯಾಕವ್ವಾ?”

ಮುಳ್ಳ ಅವ, ಅಂದೆ.