ಎಳೆ ಕಡಿಯುವ ಜಾಗ

ಶಿಡ್ಲಘಟ್ಟದಲ್ಲಿ, ಗೂಡಿನ ಮಾರುಕಟ್ಟೆ ದಾಟಿ
ಎರಡನೇ ಸಂದಿಯ ನನ್ನ ಜೆರಾಕ್ಸ್ ಅಂಗಡಿಗೆ
ಹೊಸ ಮಾನಿಟರ್ ಬಂತು.
ಹಗಲು ಪಹಣಿ, ರಾತ್ರಿ ಕಾರಿನ ಆಟ.
ಸೆಕೆಂಡಿಗೆ ನೂರನಲವತ್ತನಾಲ್ಕು ಸಲ
ತನ್ನನ್ನು ತಾನೇ ಅಳಿಸಿ ಬರೆದುಕೊಳ್ಳುತ್ತದಂತೆ,
ಡಬ್ಬದ ಮೇಲಿತ್ತು.
ಹಳೆಯದು ಅರವತ್ತೇ ಸಲ.
ಪಾಪ, ಅದೂ ಸುಮ್ಮನೆ ಕೂತಿರಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು
ಬೀದಿಯನ್ನೆಲ್ಲ ಕರೆದೆ.
ಪಿಳ್ಳೇಗೌಡ ಇಣುಕಿ, 'ಅಬ್ಬ, ಬೆಣ್ಣೆ!' ಎಂದ.
ಇಮ್ತಿಯಾಜ್ ಕಾರು ಓಡಿಸಿ
ತಿರುವು ಬಂದಲ್ಲೆಲ್ಲ ಮೈಯನ್ನೂ ವಾಲಿಸಿ
'ಇನ್ನು ಆ ಹಳೇದರ ಮುಖ ನೋಡಲ್ಲ' ಎಂದ.
ನಾನೂ ಕಂಡೆ.
ಹದಿನೇಳು ಸಾವಿರ ಕೊಟ್ಟ ಮೇಲೆ
ಕಾಣದೆ ಇರುತ್ತದೆಯೇ?

ಇಮ್ತಿಯಾಜನ ಚಿಕ್ಕಮ್ಮ ದಿಲ್ಷಾದ್
ಇಪ್ಪತ್ತಾರು ವರ್ಷದಿಂದ ನೂಲು ತೆಗೆಯುವವಳು.
ಬಿಸಿನೀರಲ್ಲಿ ಬೆಂದು ಬೆಂದು ಸವೆದ ಬೆರಳು
ರೇಷನ್ ಕಾರ್ಡಿನ ಯಂತ್ರಕ್ಕೆ ಸಿಗದೆ
ಮೂರನೇ ಸಲ ಬಂದಿದ್ದಳು.
ಸರ್ವರ್ ಬರುವ ತನಕ ಕೂರಿಸಿ
'ಯಾವುದು ವಾಸಿ, ನೀವೇ ಹೇಳಿ' ಎಂದೆ.

ಮೌಸು ಹಿಡಿದು ಬಾಣದ ಗುರುತನ್ನು
ಅತ್ತಿಂದಿತ್ತ ಓಡಿಸಿದಳು.
ತಿರುಗುವ ರಾಟೆಯ ಮೇಲೆ
ಕೂದಲಿಗಿಂತ ಸಣ್ಣ ಎಳೆ ಎಲ್ಲಿ ಕಡಿಯಿತೆಂದು
ಹಬೆಯ ಆಚೆಯಿಂದಲೇ ಹಿಡಿಯುವ ಕಣ್ಣು ಅದು.
'ಎರಡೂ ಒಂದೇ.
ಇದರಲ್ಲೂ ಕಡೀತದೆ, ಅದರಲ್ಲೂ ಕಡೀತದೆ,
ಒಂದೇ ಅಳತೆಗೆ.'

ನಕ್ಕೆವು.
ಪಿಳ್ಳೇಗೌಡ ಕನ್ನಡಕದಂಗಡಿಯ ವಿಳಾಸವನ್ನೂ ಹೇಳಿದ.

ಆ ರಾತ್ರಿ ಷಟರ್ ಎಳೆಯುವ ಮುಂಚೆ
ಯಾಕೋ ಸೆಟ್ಟಿಂಗ್ಸಿನ ಒಳಗೆ, ಅದರೊಳಗೆ,
ಅದರೊಳಗೂ ಹೋಗಿ ನೋಡುತ್ತೇನೆ:
ಹೊಸದೂ ಅರವತ್ತಕ್ಕೇ ನಿಂತಿದೆ.
ಹಾಗಾದರೆ ಎಂಟು ದಿನ ನಾವು ತಿಂದ ಬೆಣ್ಣೆ
ಯಾವ ಹಸುವಿನದು?

ಅಂಕಿ ಬದಲಿಸಿದೆ. ಯಾರಿಗೂ ಹೇಳಲಿಲ್ಲ.
ಬೆಳಿಗ್ಗೆ ಪಿಳ್ಳೇಗೌಡ ಇಣುಕಿ
ಅದೇ ಬೆಣ್ಣೆ ಎಂದ.

ದಿಲ್ಷಾದ್ ಬಂದವಳು ಬಾಣ ಓಡಿಸಿ
ಅರ್ಧಕ್ಕೇ ಕೈ ನಿಲ್ಲಿಸಿದಳು.
'ಏನು ಮಾಡಿದೆಯಪ್ಪಾ ಇದಕ್ಕೆ?'
'ಯಾಕೆ, ಈಗ ಕಡಿಯುತ್ತಿಲ್ಲವಾ?'
'ಕಡೀತದೆ. ಕಡಿಯದೆ ಇರೋ ನೂಲು ಎಲ್ಲಿದೆ?
ಗಂಟು ಹತ್ತಿರ ಹತ್ತಿರ ಬಿದ್ದಿದೆ, ಅಷ್ಟೇ.'

ನಾನು ನೋಡಿದೆ. ಹೊಸದರಲ್ಲಿ ಏನೂ ತಿಳಿಯಲಿಲ್ಲ.
ಹಳೆಯದರ ಕಡೆ ತಿರುಗಿದಾಗ
ಬಾಣ ಕುಂಟುತ್ತಿತ್ತು.
ಇಷ್ಟು ದಿನವೂ ಕುಂಟುತ್ತಲೇ ಇತ್ತೇನೋ,
ನನ್ನ ಕಣ್ಣೇ ಅದಕ್ಕೆ ಊರುಗೋಲಾಗಿತ್ತೇನೋ.

ಅಷ್ಟರಲ್ಲಿ ಸರ್ವರ್ ಬಂತು.
ಬೆರಳನ್ನು ಸೆರಗಿಗೆ ಒರೆಸಿ ಗಾಜಿನ ಮೇಲಿಟ್ಟಳು.
ಹೆಬ್ಬೆಟ್ಟು, ತೋರುಬೆರಳು, ಮತ್ತೆ ಹೆಬ್ಬೆಟ್ಟು.
'ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ'
ಕೆಂಪು ಅಕ್ಷರದಲ್ಲಿ ಬಂದು ನಿಂತಿತು.
ಸೆಕೆಂಡಿಗೆ ನೂರನಲವತ್ತನಾಲ್ಕು ಸಲ
ಅದನ್ನೇ ಅಳಿಸಿ ಅದನ್ನೇ ಬರೆಯುತ್ತಿತ್ತು ಪರದೆ.

'ಇದಕ್ಕೆ ಮಾತ್ರ ಎರಡೂ ಒಂದೇ' ಎಂದಳು,
ಬೇಸಿನ್ನಿನ ನೀರು ಕಾಯುತ್ತಿದೆ ಎಂದು
ಎದ್ದು ಹೊರಟಳು.